ಮನೆ ಹಿಂದೆ ಟೌನ್‌ಹೋಮ್ ಬರ್ತಿದೆ, ಕೌನ್ಸಿಲಲ್ಲಿ ತಡೀಬಹುದಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾವಿರೋದು ಟೆಕ್ಸಾಸ್, ಡಲ್ಲಾಸಿಂದ ಉತ್ತರಕ್ಕೆ, ಊರ ಹೆಸರು ಬೇಡ ಬಿಡಿ, ಎರಡು ಲಕ್ಷದ ಮೇಲೆ ಜನ ಇರೋ ಸಿಟಿ. ಹಿತ್ತಲ ಬೇಲಿ ಆಚೆ 9 ಎಕರೆ ಖಾಲಿ ಜಾಗ ಇದೆ, ಮನೆ ತಗೊಳೋವಾಗ ಅಲ್ಲಿ ಅಂಗಡಿ ಆಫೀಸು ಬಿಟ್ರೆ ಇನ್ನೇನೂ ಬರಲ್ಲ ಅಂದಿದ್ರು, ಈಗ ನೋಡಿದ್ರೆ ಬಿಲ್ಡರ್ ರೀಝೋನಿಂಗಿಗೆ (ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ಸಿಟಿ ನಿಯಮ ಬದಲಾಯಿಸೋಕೆ) ಹಾಕ್ಕೊಂಡು 84 ಟೌನ್‌ಹೋಮ್ (ಗೋಡೆಗೆ ಗೋಡೆ ಅಂಟಿದ ಸಾಲು ಮನೆ) ಕಟ್ತೀನಿ ಅಂತಿದಾನೆ. ಪ್ಲಾನಿಂಗ್ ಕಮಿಷನ್ ಆಗ್ಲೇ ಸರಿ ಅಂದಿದೆ, ಮುಂದಿನ ತಿಂಗಳು ಸಿಟಿ ಕೌನ್ಸಿಲ್ ಮುಂದೆ ಬರತ್ತೆ. ನಮ್ಮ ಎಚ್‌ಓಎ (ಬಡಾವಣೆ ಮನೆ ಮಾಲೀಕರ ಸಂಘ) ಗ್ರೂಪಲ್ಲಿ 600 ಸಹಿ ಸೇರಿದೆ, ಶೇ 20 ಜನ ಬೇಡ ಅಂದ್ರೆ ಕೌನ್ಸಿಲಲ್ಲಿ ಮುಕ್ಕಾಲು ಪಾಲು ವೋಟ್ ಬೇಕಾಗತ್ತಂತೆ, ನಿಜಾನಾ? ನಮ್ಮ ಕಡೆ ಡಿಸಿ ಕನ್ವರ್ಷನ್ ಅಂತಾರಲ್ಲ, ಅದೇ ಥರಾನಾ ಇದು? ಇಲ್ಲಿ ಪ್ಲಾನಿಂಗ್ ಫೀಲ್ಡಲ್ಲಿರೋ ಮೇಡಂ ಒಬ್ರು ಇದಾರೆ ಅಂತ ಕೇಳಿದೆ, ದಯವಿಟ್ಟು ಹೇಳಿ.

ಉತ್ತರ: ನಮಸ್ಕಾರ ಸಾರ್, ನಾನೇ ಅದು. ಬೇರೆ ಸಿಟಿಯ ಪ್ಲಾನಿಂಗ್ ಡಿಪಾರ್ಟ್‌ಮೆಂಟಲ್ಲಿ ಕೆಲಸ, ಹಾಗಾಗಿ ನಿಮ್ಮ ಫೈಲ್ ಬಗ್ಗೆ ಅಲ್ಲ, ಕಾನೂನು ಹೇಗಿದೆ ಅಂತ ಹೇಳ್ತೀನಿ. ಮೊದಲು ಆ 600 ಸಹಿ. ಕೌನ್ಸಿಲ್ ಮೆಂಬರ್‌ಗಳ ಮೇಲೆ ಒತ್ತಡ ಹಾಕೋಕೆ ಸರಿ, ಆದ್ರೆ ನೀವು ಹೇಳ್ತಿರೋ ರೂಲಿಗೆ ಅದು ಲೆಕ್ಕಕ್ಕೇ ಬರಲ್ಲ, ಯಾಕಂದ್ರೆ ಅಲ್ಲಿ ಎಣಿಸೋದು ಜನಾನಲ್ಲ, ನೆಲಾನ. ಆ ಜಾಗದ ಸುತ್ತ 200 ಅಡಿ ಒಳಗಿರೋ ನೆಲದಲ್ಲಿ ಎಷ್ಟು ಪಾಲಿನ ಓನರ್‌ಗಳು ಬರಹದಲ್ಲಿ ವಿರೋಧ ಕೊಟ್ರು ಅಂತ ನೋಡ್ತಾರೆ. ರಸ್ತೆಯೂ ಒಟ್ಟು ವಿಸ್ತೀರ್ಣಕ್ಕೆ ಸೇರತ್ತೆ, ಅದ್ರಿಂದ ಶೇಕಡಾವಾರು ಇನ್ನೂ ಕಮ್ಮಿ ಆಗತ್ತೆ. ನಿಮ್ಮ ಬೇಲಿ ಸಾಲಿನ ಮನೆಗಳು, ಅದರ ಹಿಂದಿನ ಸಾಲಲ್ಲಿ ಒಂದಿಷ್ಟು, ಅಷ್ಟೇ. ಮೂಲೆಯಲ್ಲಿ ದೊಡ್ಡ ಚರ್ಚ್ ಜಾಗ ಏನಾದ್ರೂ 200 ಅಡಿ ಒಳಗೆ ಬಿದ್ರೆ ಅವರ ಒಂದು ಸಹಿ ನಿಮ್ಮ ಹತ್ತು ಮನೆಗೆ ಸಮ.

ಇನ್ನು ಆ ಶೇ 20 ಹಳೇ ಕಥೆ. 2025ರಲ್ಲಿ ಆಸ್ಟಿನಲ್ಲಿ, ಅಂದ್ರೆ ರಾಜ್ಯದ ಶಾಸನಸಭೆಯಲ್ಲಿ, ಎಚ್‌ಬಿ 24 ಅನ್ನೋ ಕಾನೂನು ಪಾಸಾಯ್ತು, ಸೆಪ್ಟೆಂಬರ್ 1ರಿಂದ ಜಾರಿ. ಹೆಚ್ಚು ಮನೆ ಕಟ್ಟೋಕೆ ಬಿಡೋ ರೀಝೋನಿಂಗಾದ್ರೆ ಅಕ್ಕಪಕ್ಕದವರ ವಿರೋಧ ಶೇ 60 ಇರಬೇಕು, ಅಷ್ಟು ಸೇರಿಸಿದ್ರೂ ಕೌನ್ಸಿಲಲ್ಲಿ ಬರೀ ಬಹುಮತ ಸಾಕು, ಮುಕ್ಕಾಲು ಇಲ್ಲ. ಅಂದ್ರೆ ಆ ಅಸ್ತ್ರದಲ್ಲಿ ಈಗ ಮೊನಚೇ ಉಳಿದಿಲ್ಲ.

ಡಿಸಿ ಕನ್ವರ್ಷನ್ ಬೇರೆ ಸಾರ್, ಅದು ಕೃಷಿ ಜಮೀನನ್ನ ಬೇರೆ ಬಳಕೆಗೆ ತರೋಕೆ ಕಂದಾಯದವರು ಕೊಡೋ ಪರ್ಮಿಷನ್, ಫೈಲ್ ಆಫೀಸೊಳಗೇ ಓಡಾಡತ್ತೆ. ಇಲ್ಲಿ ನೀವು ಓಟ್ ಹಾಕಿ ಗೆಲ್ಸಿದವರು ನಿಮ್ಮೆದುರೇ ಕೂತು ವೋಟ್ ಮಾಡ್ಬೇಕು, ಅದಕ್ಕೇ ಇಷ್ಟು ಗಲಾಟೆ.

ಪ್ರಶ್ನೆ: ಹಂಗಾದ್ರೆ ಏನೂ ಮಾಡಕ್ಕಾಗಲ್ವಾ ಮೇಡಂ? ಬಹುಮತ ಸಾಕು ಅಂದ್ರೂ ನಾಲ್ಕು ಜನಾನ ಒಪ್ಸಿ ಬಿದ್ದೋಗೋ ಹಂಗೆ ಮಾಡಿದ್ರೆ ಜಾಗ ಹಂಗೇ ಇರತ್ತಲ್ಲ?

ಉತ್ತರ: ಅಯ್ಯೋ, ಅಲ್ಲೇ ಎಲ್ರೂ ಬೀಳೋದು. ರೀಝೋನಿಂಗ್ ಬಿದ್ರೆ ಜಾಗ ಖಾಲಿ ಇರಲ್ಲ, ಹಳೇ ಝೋನಿಂಗ್ ಹಂಗೇ ಇರತ್ತೆ. ಅದು ಕಮರ್ಷಿಯಲ್ ಅಂತ ನೀವೇ ಹೇಳಿದ್ರಿ. ಅದೇ 2025ರ ಇನ್ನೊಂದು ರಾಜ್ಯ ಕಾನೂನು, ಎಸ್‌ಬಿ 840 ಓದಿ: ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಇದ್ದು, ಮೂರು ಲಕ್ಷ ದಾಟಿದ ಕೌಂಟಿಯಲ್ಲಿರೋ ಸಿಟಿಗಳಲ್ಲಿ ಕಮರ್ಷಿಯಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ರೀಝೋನಿಂಗೇ ಬೇಡ. ಕೌನ್ಸಿಲ್ ಇಲ್ಲ, ಹಿಯರಿಂಗ್ ಇಲ್ಲ. ಎಕರೆಗೆ 36 ಮನೆಗಿಂತ ಕಮ್ಮಿ ಮಿತಿ ಹಾಕೋ ಹಾಗಿಲ್ಲ, ಎತ್ತರಾನೂ 45 ಅಡಿಗಿಂತ ಕಮ್ಮಿ ಮಾಡೋ ಹಾಗಿಲ್ಲ. ಕೆಲವು ವಿನಾಯಿತಿ ಇದಾವೆ, ಏರ್‌ಪೋರ್ಟ್ ಹತ್ರ, ಹೆವಿ ಇಂಡಸ್ಟ್ರಿ ಹತ್ರ ಇದ್ರೆ. ನಿಮ್ಮ 9 ಎಕರೆಗೆ ಲೆಕ್ಕ ಹಾಕಿ: ಈಗ ಬಿಲ್ಡರ್ ಕೇಳ್ತಿರೋದು 84 ಮನೆ, ಆ ಕಾನೂನಲ್ಲಿ ಕಾಗದದ ಮೇಲೆ 324. ಪಾರ್ಕಿಂಗು, ನೀರು ನಿಲ್ಲೋ ಹೊಂಡ ಎಲ್ಲ ಕಳೆದ್ರೆ ಅಷ್ಟಾಗದೇ ಇರಬಹುದು, ಆದ್ರೂ 84 ಅಂತೂ ಅಲ್ಲ. ನಾನಾಗಿದ್ರೆ ಮೊದಲು ಸಿಟಿ ಪ್ಲಾನರ್‌ಗೆ ಫೋನ್ ಮಾಡಿ ಈ ಜಾಗಕ್ಕೆ 840 ಅನ್ವಯಿಸತ್ತಾ ಅಂತ ಕೇಳ್ತಿದ್ದೆ.

ಇನ್ನೊಬ್ಬರು: ಸ್ಕೂಲು ತುಂಬೋಗಲ್ವಾ? ನಮ್ಮ ಕಡೆ ಎಲ್ಲಾ ಹಿಯರಿಂಗಲ್ಲೂ ಇದೇ ಮಾತು.

ಉತ್ತರ: ತುಂಬೋದಿರ್ಲಿ, ಪ್ಲೇನೋ ಐಎಸ್‌ಡಿ (ಡಲ್ಲಾಸ್ ಉತ್ತರಕ್ಕಿರೋ ಪ್ಲೇನೋ ಊರಿನ ಸ್ಕೂಲ್ ಡಿಸ್ಟ್ರಿಕ್ಟ್) 2024ರಲ್ಲಿ ನಾಲ್ಕು ಸ್ಕೂಲ್ ಮುಚ್ಚೋಕೆ ತೀರ್ಮಾನ ಮಾಡ್ತು, ಮಕ್ಕಳೇ ಕಮ್ಮಿ ಅಂತ. ಅದೇ ಪ್ಲೇನೋದಲ್ಲಿ 2015ರ ಸಿಟಿ ಪ್ಲಾನ್ ಮೇಲೆ ಅಪಾರ್ಟ್‌ಮೆಂಟ್ ಜಾಸ್ತಿ ಅಂತ ಜಗಳ ಆಗಿ, ಸಹಿ ಸಂಗ್ರಹ, ಕೋರ್ಟು ಎಲ್ಲಾ ಆಗಿ 2020ರಲ್ಲಿ ಪ್ಲಾನೇ ವಾಪಸ್ ತಗೊಂಡ್ರು, 2021ರಲ್ಲಿ ಹೊಸದು ಬಂತು. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಅಂಕಿಅಂಶ ನೋಡದೆ ಸ್ಕೂಲ್ ವಿಷ್ಯ ಎತ್ತಬೇಡಿ, ಡೆವಲಪರ್ ವಕೀಲ ಅಲ್ಲೇ ತಿರುಗಿಸಿ ಹೊಡೀತಾನೆ.

ಮತ್ತೊಬ್ಬರು: ನಾವು ಟೌನ್‌ಹೋಮಲ್ಲೇ ಇರೋದು, ಈ ಊರಲ್ಲಿ ಅದು ಬಿಟ್ರೆ ಬೇರೆ ತಗೊಳೋ ಶಕ್ತಿ ಇರ್ಲಿಲ್ಲ. ‘ಅಂಥ ಜನ ಬರ್ತಾರೆ’ ಅಂತ ಮಾತಾಡೋ ಗ್ರೂಪಲ್ಲಿ ನಾನೂ ಇದೀನಿ, ಸ್ವಲ್ಪ ನೋಡ್ಕೊಂಡ್ ಮಾತಾಡ್ರಪ್ಪ.

ಉತ್ತರ: ಇದನ್ನ ನಾನೇ ಹೇಳೋಣ ಅಂತಿದ್ದೆ. ಮೈಕ್ ಮುಂದೆ ‘ಬಾಡಿಗೆಯವರು’, ‘ಅಂಥವರು’ ಅಂದ್ರೆ ಅದು ರೆಕಾರ್ಡಾಗತ್ತೆ, ಮುಂದೆ 1968ರ ಫೇರ್ ಹೌಸಿಂಗ್ ಆಕ್ಟ್ (ಮನೆ ವಿಷಯದಲ್ಲಿ ತಾರತಮ್ಯ ತಡೆಯೋ ಕಾನೂನು) ಕೇಸಾದ್ರೆ ಸಿಟಿ ವಿರುದ್ಧವೇ ಬಳಸ್ತಾರೆ. ಕಟ್ಟಡದ ಬಗ್ಗೆ ಮಾತಾಡಿ. ಇಂಥ ಅರ್ಜಿಗಳು ಸಾಮಾನ್ಯವಾಗಿ ಪ್ಲಾನ್ಡ್ ಡೆವಲಪ್‌ಮೆಂಟ್ ಅಂತ ಬರ್ತಾವೆ, ಆಗ ಷರತ್ತುಗಳು ಆರ್ಡಿನೆನ್ಸಿಗೇ ಸೇರ್ತಾವೆ, ಚೌಕಾಸಿ ಮಾಡೋ ಜಾಗ ಅದೇ. ಬೇಲಿ ಪಕ್ಕದ ಸಾಲು ಎರಡೇ ಅಂತಸ್ತು ಇರ್ಲಿ, ಬಾಲ್ಕನಿ ನಿಮ್ಮ ಹಿತ್ತಲ ಕಡೆ ಬೇಡ, ಮರದ ಬೇಲಿ ಬದ್ಲು ಕಲ್ಲಿನ ಗೋಡೆ, ಗೆಸ್ಟ್ ಪಾರ್ಕಿಂಗ್ ಒಳಗೇ ಇರ್ಲಿ, ಇಲ್ದಿದ್ರೆ ದೀಪಾವಳಿ ದಿನ ಎಲ್ಲಾ ಕಾರು ನಿಮ್ಮ ಬೀದೀಲೇ ನಿಲ್ತಾವೆ. ‘ಪ್ರಯತ್ನ ಮಾಡ್ತೀವಿ’ ಅನ್ನೋ ಮಾತು ಒಪ್ಪಬೇಡಿ, ಬರಹದಲ್ಲಿ ಬರಲಿ.

ಪ್ರಶ್ನೆ: ಮೈಕಲ್ಲಿ ಎಷ್ಟು ಹೊತ್ತು ಕೊಡ್ತಾರೆ?

ಉತ್ತರ: ಹೆಚ್ಚಿನ ಕಡೆ ಮೂರು ನಿಮಿಷ. 40 ಜನ ಒಂದೇ ಮಾತು ಹೇಳೋದಕ್ಕಿಂತ ಬೇಲಿ ಸಾಲಿನ ಐದು ಜನ ಒಂದೊಂದು ಷರತ್ತು ಕೇಳಲಿ. ಅದಕ್ಕೂ ಮುಂಚೆ ಸಭೆಯ ಅಜೆಂಡಾ ಪ್ಯಾಕೆಟಲ್ಲಿ ಸ್ಟಾಫ್ ರಿಪೋರ್ಟ್ (ಈ ಅರ್ಜಿ ಬಗ್ಗೆ ಸಿಟಿ ಪ್ಲಾನರ್‌ಗಳ ವರದಿ) ಇರತ್ತೆ, ಡೌನ್‌ಲೋಡ್ ಮಾಡಿ, ನಿಮ್ಮ ಮೆಂಬರ್‌ಗೆ ಹಿಯರಿಂಗಿಗೆ ವಾರ ಮುಂಚೆನೇ ಮೇಲ್ ಹಾಕಿ, ಆ ರಾತ್ರಿ ಹೇಳಿದ್ರೆ ಅಷ್ಟೊತ್ತಿಗೆ ಅವರ ವೋಟು ಬಹುತೇಕ ತೀರ್ಮಾನ ಆಗಿರತ್ತೆ.