30 ಅಡಿ ರಸ್ತೆಗೆ 12 ಮಹಡಿ

ಕಲಬುರಗಿ, ಸೇಡಂ ರಸ್ತೆ ಕಡೆಯ ನಮ್ಮ ಬಡಾವಣೆಯ ಗುಂಪು. ಗುರುವಾರ.

ಪ್ಲಾಟ್ 17: ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮಕ್ಕಳಿಗೆ ಸುಸಲಾ ಮಿರ್ಚಿ ತಂದಿದ್ದೆ. ಮಿರ್ಚಿ ಕಟ್ಟಿದ ಪೇಪರ್ ಬಿಚ್ಚಿದರೆ ಅದರಲ್ಲಿ ನಮ್ಮ ಪಕ್ಕದ ಸರ್ವೆ ನಂಬರ್! ಎಣ್ಣೆ ಹತ್ತಿದೆ, ಆದರೂ ಓದಬಹುದು. ಫೋಟೊ ಹಾಕಿದ್ದೇನೆ. ಹಿಂದಿನ ತೊಗರಿ ಹೊಲವನ್ನು ಕೃಷಿಯಿಂದ ವಸತಿಗೆ ಬದಲಾಯಿಸುವ ಪ್ರಕಟಣೆ ಅದು. ಆಕ್ಷೇಪಣೆ ಇದ್ದವರು 15 ದಿನದೊಳಗೆ ಬರೆದು ಕೊಡಬೇಕಂತೆ. ಪೇಪರ್ ಭಾನುವಾರದ್ದು, ನಾಲ್ಕು ದಿನ ಆಗಲೇ ಹೋಯಿತು. 12 ಮಹಡಿ, 132 ಫ್ಲ್ಯಾಟ್ ಅಂತ ಮೂಲೆಯಲ್ಲಿ ಫ್ಲೆಕ್ಸ್ ಕಟ್ಟಿದ್ದಾರಲ್ಲ, ಇದೇ ಜಾಗ.

ಪ್ಲಾಟ್ 52: ಅಣ್ಣಾ, ಇವತ್ತು ನಳ ಯಾವಾಗ ಬಿಡ್ತಾರೆ?

ಪ್ಲಾಟ್ 17: ನಾನೂ ಅದಕ್ಕೇ ಬರೆಯುತ್ತಿದ್ದೇನೆ ಅಕ್ಕಾ. ಕಾಕಾ, ನೀವು ಸ್ವಲ್ಪ ಲೆಕ್ಕ ಹೇಳಿ.

ಪ್ಲಾಟ್ 41, ನಿವೃತ್ತ ಇಂಜಿನಿಯರ್: ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ಮನೆಗೆ ಐದು ಜನ ಅಂದರೆ 132 ಫ್ಲ್ಯಾಟಿಗೆ 660 ಜನ. ದಿನಕ್ಕೆ 89,100 ಲೀಟರ್. 5,000 ಲೀಟರಿನ ಟ್ಯಾಂಕರ್ 18 ಬೇಕು. ಭೀಮಾ, ಬೆಣ್ಣೆತೊರೆ ಎರಡರ ನೀರು ಸೇರಿದರೂ ಬೇಸಿಗೆಯಲ್ಲಿ ಊರಿಗೆ ಸಾಲುವುದಿಲ್ಲ. ಇವರು ಬೋರ್ ಹೊಡೆಸುತ್ತಾರೆ, ನಮ್ಮ ಬೋರ್ ಬತ್ತುತ್ತವೆ. ಇನ್ನು ಚರಂಡಿ ಪೈಪ್ ಹಾಕಿದ್ದು 118 ಪ್ಲಾಟಿಗೆ, ಅದೂ ಎಂಟು ಇಂಚಿನದು. ಹೋದ ಮಳೆಗಾಲ ಪ್ಲಾಟ್ 60ರ ಮುಂದೆ ಮ್ಯಾನ್‌ಹೋಲ್ ಮುಚ್ಚಳ ತೇಲಿ ಬಂದಿದ್ದು ಎಲ್ಲರಿಗೂ ನೆನಪಿದೆ.

ಪ್ಲಾಟ್ 60: ನೆನಪು ಏನ್ರೀ, ವಾಸನೆ ಇನ್ನೂ ಇದೆ.

ಪ್ಲಾಟ್ 33: ಸುಮ್ನೆ ವಿರೋಧ ಯಾಕೆ? ಅಪಾರ್ಟ್‌ಮೆಂಟ್ ಬಂದರೆ ನಮ್ಮ ಪ್ಲಾಟ್ ರೇಟ್ ಏರುತ್ತದೆ.

ಪ್ಲಾಟ್ 60: ನಿಮ್ಮವು ಎರಡು ಖಾಲಿ ಪ್ಲಾಟ್ ಇವೆ ಸಾಹೇಬ್ರೇ. ನಾವು ಇಲ್ಲೇ ಇರುವವರು.

ಪ್ಲಾಟ್ 8, ಮೇಲಿನ ಮನೆ: ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಾನು ಬಾಡಿಗೆಯವಳು. ಆರು ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದೇನೆ. ನಿಮ್ಮ ಬಡಾವಣೆಯೂ ಮೊದಲು ತೊಗರಿ ಹೊಲವೇ ಆಗಿತ್ತು ಅಲ್ವಾ? ಇನ್ನು ಮನೆ ಕಟ್ಟಲೇ ಬಾರದು ಅಂದರೆ ನಾವು ಎಲ್ಲಿ ಹೋಗಬೇಕು?

ಪ್ಲಾಟ್ 17: ನಿಜ ಸಿಸ್ಟರ್. ಎರಡು ಸಲ ಉತ್ತರ ಬರೆದು ಅಳಿಸಿದೆ. ಕಟ್ಟಲೇಬೇಡಿ ಅಂತ ಬರೆದರೆ ನಾನೂ ಸಹಿ ಹಾಕುವುದಿಲ್ಲ. ನನ್ನ ತಕರಾರು ಬೇರೆ. ಮೊನ್ನೆ ಚಹಾದಂಗಡಿಯಲ್ಲಿ ಬಿಲ್ಡರ್ ಕಡೆಯವರೇ ಹೇಳಿದರು, ಇದು 'ಬಡವರ ಕೈಗೆಟುಕುವ ಮನೆ', ಅದಕ್ಕೆ ಶುಲ್ಕ ಮಾಫಿ ಕೇಳಿದ್ದೇವೆ, ಕೆಲವು ವರ್ಷ ಆಸ್ತಿ ತೆರಿಗೆಯಲ್ಲೂ ರಿಯಾಯಿತಿ ಕೇಳುತ್ತೇವೆ ಅಂತ. ನಾವು 5% ಉಳಿಯುತ್ತದೆ ಅಂತ ಏಪ್ರಿಲ್ ಬಿಸಿಲಲ್ಲಿ ಸಾಲು ನಿಂತು ತೆರಿಗೆ ಕಟ್ಟುತ್ತೇವೆ. ಅದರ ಮೇಲೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3 ಪರ್ಸೆಂಟ್ ಸೆಸ್. ಹೊಸ ಪೈಪ್ ಬೇಕಾಗುವುದು ಅವರ ಕಟ್ಟಡಕ್ಕೆ, ದುಡ್ಡು ನಮ್ಮ ಚಲನ್‌ನಿಂದ. ಇದು ಯಾವ ನ್ಯಾಯ?

ಪ್ಲಾಟ್ 29, ಟ್ಯಾಕ್ಸ್ ಕೆಲಸದವರು: ಬಡವರ ಮನೆ ಅನ್ನುವುದಕ್ಕೂ ಒಂದು ಅಳತೆ ಇದೆ. ಜಿಎಸ್‌ಟಿಯಲ್ಲಿ 1% ದರ ಸಿಗಬೇಕಾದರೆ ನಮ್ಮಂಥ ಊರಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸುವ ಜಾಗ, 90 ಚದರ ಮೀಟರ್ ದಾಟಬಾರದು, ಬೆಲೆ 45 ಲಕ್ಷ ದಾಟಬಾರದು. ಫ್ಲೆಕ್ಸ್ ಮೇಲೆ ಅವರೇ ಬರೆದ ಬೆಲೆ 68 ಲಕ್ಷ! ಆದಾಯ ತೆರಿಗೆಯಲ್ಲಿ ಇಂಥ ಯೋಜನೆಯ ಲಾಭ ಪೂರ್ತಿ ಮಾಫಿ ಇತ್ತು, ಆದರೆ 2022ರ ಮಾರ್ಚ್ 31ರೊಳಗೆ ಮಂಜೂರಾದವಕ್ಕೆ ಮಾತ್ರ. ಆ ಬಾಗಿಲು ಮುಚ್ಚಿದೆ. ಅದಕ್ಕೇ ಈಗ ಊರಿನ ತೆರಿಗೆಗೆ ಕೈ ಹಾಕಿದ್ದಾರೆ ಅನಿಸುತ್ತದೆ. ಇನ್ನೊಂದು, ಫ್ಲೆಕ್ಸ್ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲ. ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇದ್ದರೆ ನೋಂದಣಿ ಆಗದೆ ಜಾಹೀರಾತೇ ಹಾಕುವ ಹಾಗಿಲ್ಲ. ಫೋಟೊ ತೆಗೆದಿಡಿ, ನಾಳೆ ಫ್ಲೆಕ್ಸ್ ಇರುತ್ತೋ ಇಲ್ಲವೋ.

ಪ್ಲಾಟ್ 8, ಮೇಲಿನ ಮನೆ: 68 ಲಕ್ಷವಾ? ಹಾಗಾದರೆ ನನ್ನ ಪ್ರಶ್ನೆ ವಾಪಸ್ ತಗೊಂಡೆ 😀

ಪ್ಲಾಟ್ 33: ನಮ್ಮ ಅಳಿಯ ಟೆಕ್ಸಾಸ್‌ನಲ್ಲಿ ಇದ್ದಾರೆ. ಅಲ್ಲಿ ಹತ್ತು ವರ್ಷದವರೆಗೂ ಆಸ್ತಿ ತೆರಿಗೆ ಬಿಡುವ ಪದ್ಧತಿ ಇದೆಯಂತೆ.

ಪ್ಲಾಟ್ 52: ಅಲ್ಲಿ ನಳ ದಿನಾ ಬರುತ್ತದಾ ಕೇಳಿ.

ಪ್ಲಾಟ್ 41: ಜಗಳ ಬಿಡಿ, ರಸ್ತೆ ಕಡೆ ನೋಡಿ. ಎಷ್ಟು ಎತ್ತರ ಕಟ್ಟಬಹುದು, ಎಷ್ಟು ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವ ಲೆಕ್ಕ) ಸಿಗುತ್ತದೆ ಅನ್ನುವುದು ಮುಂದಿನ ರಸ್ತೆಯ ಅಗಲ ನೋಡಿ ತೀರ್ಮಾನ ಆಗುತ್ತದೆ. ಅವರ ನಕ್ಷೆಯಲ್ಲಿ 12 ಮೀಟರ್ ಇದೆ. ಬೆಳಿಗ್ಗೆ ಮೊಮ್ಮಗನ ಕೈಗೆ ಟೇಪಿನ ತುದಿ ಕೊಟ್ಟು ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆದೆ. 29 ಅಡಿ 4 ಇಂಚು. ಒಂಬತ್ತು ಮೀಟರೂ ಪೂರ್ತಿ ಇಲ್ಲ. ಪ್ಲಾಟ್ 22ರ ಮುಂದೆ ಇನ್ನೂ ಕಡಿಮೆ, ಅಲ್ಲಿ ಶಹಾಬಾದ್ ಫರಸಿ ಹಾಸಿ ಕಟ್ಟೆ ಹೊರಗೆ ತಂದಿದ್ದಾರೆ.

ಪ್ಲಾಟ್ 22: ಕಾಕಾ, ಆ ಕಟ್ಟೆ ಮೇಲೆ ದಿನಾ ಸಂಜೆ ಕೂಡುವುದು ನೀವೇ!

ಪ್ಲಾಟ್ 41: ಕೂಡುತ್ತೇನೆ. ಅಳತೆ ಮಾತ್ರ ಸುಳ್ಳು ಬರೆಯುವುದಿಲ್ಲ.

ಪ್ಲಾಟ್ 17: ಶನಿವಾರ ಸಂಜೆ 6ಕ್ಕೆ ಹನುಮಪ್ಪನ ಗುಡಿ ಕಟ್ಟೆಗೆ ಬನ್ನಿ. 1961ರ ನಗರ ಯೋಜನಾ ಕಾಯ್ದೆ 14ಎ ಕಲಂ ಪ್ರಕಾರ ಆಕ್ಷೇಪಣೆ ಅಂತ ಮೇಲೆ ಬರೆಯಬೇಕು. ಒಂದೇ ಜೆರಾಕ್ಸಿಗೆ ಎಲ್ಲರೂ ಸಹಿ ಹಾಕಿದರೆ ಅದು ಒಂದೇ ಅರ್ಜಿ, ಹಾಗಾಗಿ ಮನೆಗೊಂದು ಬೇರೆ ಬೇರೆ ಬರೆಯಿರಿ. ನೀರು, ಪೈಪ್, ರಸ್ತೆ ಅಳತೆ, 68 ಲಕ್ಷ, ಇಷ್ಟು ಬಂದರೆ ಸಾಕು. ಬೈಗುಳ ಬೇಡ. ಎರಡು ಪ್ರತಿ ತನ್ನಿ, ಒಂದರ ಮೇಲೆ ಸೀಲ್ ಹಾಕಿಸಿಕೊಳ್ಳಬೇಕು. ತೆರಿಗೆ ಮಾಫಿ ಅರ್ಜಿಯ ನಕಲಿಗೆ ಮಾಹಿತಿ ಹಕ್ಕಿನಲ್ಲಿ ನಾನೇ ಹಾಕುತ್ತೇನೆ. 30 ದಿನ ಹಿಡಿಯಬಹುದು, ಅದಕ್ಕೆ ಕಾಯುತ್ತಾ ಕೂರಬೇಡಿ.

ಪ್ಲಾಟ್ 8, ಮೇಲಿನ ಮನೆ: ಬಾಡಿಗೆಯವರೂ ಬರೆಯಬಹುದಾ?

ಪ್ಲಾಟ್ 29: ಪ್ರಕಟಣೆಯಲ್ಲಿ 'ಸಾರ್ವಜನಿಕರು' ಅಂತಿದೆ, ಮಾಲೀಕರು ಅಂತ ಇಲ್ಲ. ಬರೆಯಿರಿ.

ಪ್ಲಾಟ್ 52: ನಳ ಬಂತು! ಎಲ್ಲರೂ ಒಟ್ಟಿಗೆ ಮೋಟಾರ್ ಹಚ್ಚಬೇಡಿ ದಯವಿಟ್ಟು, ನಮ್ಮ ಕಡೆ ಏರು.