ಮಾವನ ಬಾಯಲ್ಲಿ ಬಿಳಿ ಮಚ್ಚೆ, ಸಕ್ಕರೆ ಜಾಸ್ತಿ: ಬಯಾಪ್ಸಿಗೆ ಕಾಯಬೇಕಾ?

ಕೇಳಿದವರು, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 63 ವರ್ಷ. ಕುಂದಾಪುರ ಕಡೆಯವರು, ಹದಿನೈದಕ್ಕೇ ಮುಂಬೈಗೆ ಬಂದು ಹೋಟೆಲಿನಲ್ಲೇ ಆಯುಷ್ಯ ಕಳೆದವರು. 14 ವರ್ಷದಿಂದ ಸಕ್ಕರೆ ಕಾಯಿಲೆ. ಎಲೆ ಅಡಿಕೆ, ಹೊಗೆಸೊಪ್ಪು ಎರಡೂ ಇತ್ತು. ಹೊಗೆಸೊಪ್ಪು ಬಿಟ್ಟು ಆರು ವರ್ಷ ಆಯಿತು, ಅಡಿಕೆ ಮಾತ್ರ ಬಿಟ್ಟಿಲ್ಲ.

ಹೋದ ವಾರ ಹಲ್ಲು ಕೀಳಿಸಲು ಹೋದಾಗ ಡಾಕ್ಟರ್ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ನೋಡಿದರು. ಲ್ಯೂಕೋಪ್ಲೇಕಿಯಾ (ಒರೆಸಿದರೂ ಹೋಗದ, ಕೆಲವರಿಗೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ) ಇರಬಹುದು, ಬಯಾಪ್ಸಿ ಮಾಡಿಸಿ, ಅಂದರೆ ಸಣ್ಣ ಚೂರು ತೆಗೆಸಿ ಪರೀಕ್ಷೆ ಮಾಡಿಸಿ ಅಂದರು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 9.1 ಇದೆ. "ಸಕ್ಕರೆ ಇದ್ದವರ ಬಾಯಿಗೆ ಕತ್ತರಿ ಹಾಕಿದರೆ ಗಾಯ ಒಣಗುವುದಿಲ್ಲ, ಮೊದಲು ಸಕ್ಕರೆ ಇಳಿಯಲಿ" ಎಂದು ಮಾವನ ಹಟ. "ಇದು ಸಕ್ಕರೆಯಿಂದಲೇ ಬಂದದ್ದು, ಅದು ಇಳಿದರೆ ತಾನೇ ಹೋಗುತ್ತದೆ" ಎಂದು ಅತ್ತೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ನೀವು ಏನು ಮಾಡಿದಿರಿ?

ಮುಲುಂಡ್‌ನಿಂದ:

ತಂಗೀ, ಕಾಯಬೇಡಮ್ಮ. ನಾವು ಕಾದು ಕೆಟ್ಟವರು. ನಮ್ಮ ಯಜಮಾನರಿಗೆ ನಾಲಿಗೆಯ ಬದಿಯಲ್ಲಿ ಇಂಥದ್ದೇ ಮಚ್ಚೆ ಇತ್ತು. ಎಚ್‌ಬಿಎ1ಸಿ 8.6. ನಿಮ್ಮ ಮಾವ ಹೇಳಿದ ಮಾತನ್ನೇ ಇವರೂ ಹೇಳಿದರು. ನಾನೂ ಹೌದು ಅಂದೆ. ಮೆಂತ್ಯ, ರಾಗಿ, ಬೆಳಗಿನ ವಾಕಿಂಗ್ ಎಲ್ಲ ಮಾಡಿ ಐದು ತಿಂಗಳಲ್ಲಿ 7.4ಕ್ಕೆ ತಂದೆವು. ಮಚ್ಚೆ ಇದ್ದಲ್ಲೇ ಇತ್ತು. ಇದ್ದಲ್ಲೇ ಏನು, ಸ್ವಲ್ಪ ದಪ್ಪ ಆಗಿ, ಮಧ್ಯೆ ಕೆಂಪು ಬಂದಿತ್ತು.

ಕೊನೆಗೂ ಬಯಾಪ್ಸಿಗೆ ಹೋದಾಗ ನೋಡಿದರೆ ಅಷ್ಟು ಹೆದರುವಂಥದ್ದು ಏನೂ ಇರಲಿಲ್ಲ. ಮರಗಟ್ಟುವ ಇಂಜೆಕ್ಷನ್, ಕಾಳಿನಷ್ಟು ಚೂರು, ಎರಡು ಹೊಲಿಗೆ. ತಿಂಡಿ ತಿಂದು, ಮಾತ್ರೆ ತಗೊಂಡು ಬನ್ನಿ ಎಂದು ಅವರೇ ಹೇಳಿದ್ದರು. ನಾಲ್ಕು ದಿನ ಆರಿದ ಗಂಜಿ, ಮೊಸರನ್ನ. ಹತ್ತು ಹನ್ನೆರಡು ದಿನದಲ್ಲಿ ಗಾಯ ಮಾಯಿತು. ರಿಪೋರ್ಟಿನಲ್ಲಿ ಮಧ್ಯಮ ದರ್ಜೆಯ ಡಿಸ್‌ಪ್ಲೇಸಿಯಾ ಎಂದು ಬಂತು. ಅಂದರೆ ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ದಾರಿ ತಪ್ಪಲು ಶುರು ಮಾಡಿವೆ. ಪೂರ್ತಿ ತೆಗೆಸಿದೆವು. ಈಗ ಮೂರು ತಿಂಗಳಿಗೊಮ್ಮೆ ತೋರಿಸುತ್ತೇವೆ. ಆ ಐದು ತಿಂಗಳು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕಾಂದಿವಲಿಯಿಂದ:

ಅರಿಶಿನ ಜೇನುತುಪ್ಪದಲ್ಲಿ ಕಲಸಿ ಹಚ್ಚಿ ನೋಡಿ. ನಮ್ಮ ಚಿಕ್ಕಪ್ಪನಿಗೆ ತಿಂಗಳಲ್ಲಿ ಹೋಯಿತು. ಬಯಾಪ್ಸಿ ಅಂತ ಚುಚ್ಚಿದರೆ ಎಲ್ಲ ಕಡೆ ಹರಡುತ್ತದಂತೆ.

ನೆರೂಲ್‌ನಿಂದ:

ಏನು ಹೋಯಿತು ಅಣ್ಣಾ? ಅದು ಏನಿತ್ತು ಅಂತ ಪರೀಕ್ಷೆ ಮಾಡಿಸಿದ್ದರಾ? ಹಲ್ಲು ತಾಗಿ ಆದ ಮಚ್ಚೆ ಆಗಿದ್ದರೆ ಅರಿಶಿನ ಹಚ್ಚದಿದ್ದರೂ ಹೋಗುತ್ತಿತ್ತು. ಬಯಾಪ್ಸಿಯಿಂದ ಹರಡುತ್ತದೆ ಅನ್ನುವುದು ಸುಳ್ಳು. ಈ ಮಾತು ನಂಬಿ ತಡಮಾಡಿ ಬಂದವರನ್ನು ನಾನು ತುಂಬಾ ನೋಡಿದ್ದೇನೆ. ನಾನು ದಂತ ವೈದ್ಯೆ, ಅದಕ್ಕೇ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಡೊಂಬಿವಲಿಯವರಿಗೆ: ನಿಮ್ಮ ಅತ್ತೆಯ ಮಾತಿನಲ್ಲಿ ಕಾಲು ಭಾಗ ನಿಜ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಲ್ಯೂಕೋಪ್ಲೇಕಿಯಾ, ಲೈಕನ್ ಪ್ಲಾನಸ್ (ಬಾಯೊಳಗೆ ಜಾಲರಿಯಂಥ ಬಿಳಿ ಗೆರೆ ಬರುವ ಇನ್ನೊಂದು ಕಾಯಿಲೆ) ಎರಡೂ ಬೇರೆಯವರಿಗಿಂತ ಜಾಸ್ತಿ ಕಾಣಿಸುತ್ತವೆ. ಬಾಯಿ ಕ್ಯಾನ್ಸರಿನ ಅಪಾಯವೂ ಸ್ವಲ್ಪ ಜಾಸ್ತಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹೀಗೇ ಬಂದಿದೆ. ಕೇರಳದಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಗೂ ಈ ಮಚ್ಚೆಗಳಿಗೂ ಇರುವ ನಂಟು ಹೆಂಗಸರಲ್ಲಿ ಎದ್ದು ಕಂಡಿತ್ತು.

ಯಾಕೆ ಹೀಗೆ? ಟೈಪ್ 2 ಇರುವವರ ರಕ್ತದಲ್ಲಿ ಎಷ್ಟೋ ವರ್ಷ ಇನ್ಸುಲಿನ್ ಜಾಸ್ತಿ ಇರುತ್ತದೆ. ಅದು ಜೀವಕೋಶಗಳಿಗೆ "ಬೆಳೆಯಿರಿ" ಎಂದು ಹೇಳುವ ಹಾರ್ಮೋನು. ಸಕ್ಕರೆ ಏರಿದ್ದರೆ ಉರಿಯೂತ ಒಳಗೊಳಗೇ ಹೊಗೆಯಾಡುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಗಾಯ ಮಾಯುವುದು ತಡ. ಅಂಥ ಬಾಯಲ್ಲಿ ಅಡಿಕೆ, ಹೊಗೆಸೊಪ್ಪು ಇಟ್ಟರೆ ಅದರ ಪೆಟ್ಟು ಇನ್ನೂ ಜೋರು. ಆದರೆ ಮೊದಲ ಕಳ್ಳ ಯಾವತ್ತೂ ಹೊಗೆಸೊಪ್ಪು ಮತ್ತು ಅಡಿಕೆಯೇ, ಸಕ್ಕರೆ ಅವರಿಗೆ ಬಾಗಿಲು ತೆಗೆದುಕೊಡುವವನು. ಅದಕ್ಕೇ ಸಕ್ಕರೆ ಇಳಿಸಿದ ಮಾತ್ರಕ್ಕೆ ಮಚ್ಚೆ ಹೋಗುವುದಿಲ್ಲ. ಅಡಿಕೆ ಬಿಟ್ಟರೆ ಕೆಲವರಿಗೆ ಸಣ್ಣದಾಗುವುದುಂಟು. ಇನ್ನೊಂದು, ಅಡಿಕೆ ಜಾಸ್ತಿ ಜಗಿಯುವವರಲ್ಲಿ ಸಕ್ಕರೆ ಕಾಯಿಲೆಯೇ ಜಾಸ್ತಿ ಎಂದೂ ಅಧ್ಯಯನಗಳಲ್ಲಿ ಕಂಡಿದೆ. ಮಾವನವರ 9.1ರಲ್ಲಿ ಆ ಅಡಿಕೆಯ ಪಾಲೂ ಇರಬಹುದು, ಅಲ್ವಾ?

ಇನ್ನು ಗಾಯದ ಭಯ. 9.1 ಒಳ್ಳೆಯ ನಂಬರ್ ಅಲ್ಲ, ನಿಜ. ಆದರೆ ಬಾಯೊಳಗಿನ ಸಣ್ಣ ಬಯಾಪ್ಸಿಯನ್ನು ತಿಂಗಳುಗಟ್ಟಲೆ ಮುಂದೂಡಲು ಅದು ಸಾಮಾನ್ಯವಾಗಿ ಕಾರಣ ಆಗುವುದಿಲ್ಲ. ಆ ದಿನ ಬೆಳಿಗ್ಗೆ ಸಕ್ಕರೆ ಎಷ್ಟಿದೆ ಅನ್ನುವುದು ಮುಖ್ಯ. ತೀರಾ ಏರಿದ್ದರೆ ಅವರೇ ಕೆಲವು ದಿನ ಮುಂದೆ ಹಾಕುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ, ಅಲ್ಲೇ ಸಕ್ಕರೆ ಕುಸಿದು ಬೆವರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಹೆದರಿಕೆಯೂ ಬೇಡ. ಲ್ಯೂಕೋಪ್ಲೇಕಿಯಾ ಆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಯಾರಿಗೆ ಬರುತ್ತದೆ ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅದಕ್ಕೇ ಆ ಚೂರು ಬೇಕು.

ವಿಕ್ರೋಳಿಯಿಂದ:

ನಮ್ಮವ್ವನ ಕಥೆ ಬೇರೆ. ನಾವು ವಿಜಯಪುರ ಕಡೆಯವರು. ಅವ್ವ ನಲವತ್ತು ವರ್ಷ ಮಿಶ್ರಿಯಿಂದಲೇ ಹಲ್ಲುಜ್ಜಿದವಳು. ತಂಬಾಕು ತಿಂತೀಯಾ ಅಂತ ಕೇಳಿದರೆ ಇಲ್ಲ ಅಂತಾಳೆ! ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿಯೇ ಅಂತ ಅವಳ ತಲೆಗೆ ಹೋಗಿರಲಿಲ್ಲ. ಹೋದ ವರ್ಷ ನಾಲಿಗೆ, ಅಂಗುಳ ಎಲ್ಲ ಬೆಳ್ಳಗೆ. ಮನೆಮಂದಿಗೆಲ್ಲ ಕ್ಯಾನ್ಸರ್ ಅಂತ ಗಾಬರಿ. ಡಾಕ್ಟರ್ ಗಾಜ್ ಬಟ್ಟೆಯಿಂದ ಒರೆಸಿದರು, ಬಿಳಿ ಎಲ್ಲ ಎದ್ದು ಬಂತು, ಕೆಳಗೆ ಕೆಂಪಗೆ ಇತ್ತು. ಅದು ಫಂಗಸ್. ಆ ದಿನ ಸಕ್ಕರೆ 340. ಮಾತ್ರೆ, ಬಾಯಿಗೆ ಹಚ್ಚುವ ಔಷಧಿ, ಇನ್ಸುಲಿನ್ ಕೊಟ್ಟ ಮೇಲೆ ಎರಡು ವಾರದಲ್ಲಿ ಹೋಯಿತು. ಹಿಂಗಾಗಿ "ಸಕ್ಕರೆ ಇಳಿದರೆ ಹೋಗುತ್ತದೆ" ಅನ್ನುವುದು ಇಂಥದ್ದಕ್ಕೆ ಸರಿ. ಒರೆಸಿದರೂ ಹೋಗದ ಮಚ್ಚೆಗೆ ಅಲ್ಲ. ಮತ್ತೆ, ಅವ್ವನ ಬಾಯಿ ಪೂರಾ ನೋಡುವಾಗ ಕೆಳದವಡೆ ಹತ್ತಿರ ಇನ್ನೊಂದು ಮಚ್ಚೆ ಸಿಕ್ಕಿತು. ಅದು ಹೋಗಲಿಲ್ಲ. ಬಯಾಪ್ಸಿಯಲ್ಲಿ ಏನೂ ಕೆಟ್ಟದ್ದು ಬರಲಿಲ್ಲ, ಮಿಶ್ರಿ ಬಿಡಿಸಿದ್ದೇವೆ, ನೋಡ್ತಾ ಇದ್ದೇವೆ.

ಥಾಣೆಯಿಂದ:

ಜಾಲರಿ ಥರ ಬಿಳಿ ಗೆರೆ, ಜೊತೆಗೆ ಉರಿ ಇದೆಯಾ ನೋಡಿ. ನನಗೆ ಎರಡೂ ಕೆನ್ನೆಯಲ್ಲಿ ಹಾಗಿತ್ತು, ಲೈಕನ್ ಪ್ಲಾನಸ್ ಅಂದರು. ಬಿಪಿಯ, ಸಕ್ಕರೆಯ ಕೆಲವು ಮಾತ್ರೆಗಳಿಂದಲೂ ಅದೇ ಥರ ಬರುತ್ತದಂತೆ. ನನಗೆ ಬಿಪಿ ಮಾತ್ರೆ ಬದಲಿಸಿದ ಮೇಲೆ ಕಡಿಮೆ ಆಯಿತು. ಬದಲಿಸಿದ್ದು ಡಾಕ್ಟರ್, ನಾನಲ್ಲ.

ಮಾಟುಂಗಾದಿಂದ:

ನಾನೂ ಹೋಟೆಲಿನವನೇ, ನಿಮ್ಮ ಮಾವನ ಸಂಕಟ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ನಿಲ್ಲಬೇಕಾದರೆ ಬಾಯಲ್ಲಿ ಏನಾದರೂ ಬೇಕು. ನಾನು ಹೊಗೆಸೊಪ್ಪು ಮುಟ್ಟಿದವನಲ್ಲ. ಗಲ್ಲಾದ ಮೇಲೆ ಸೋಂಪಿನ ಪಕ್ಕ ಮೀಠಾ ಸುಪಾರಿ ಇರುತ್ತಿತ್ತಲ್ಲ, ಗಿರಾಕಿಗಿಂತ ಜಾಸ್ತಿ ನಾನೇ ತಿಂದೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ನನಗೆ ತಿಳಿದದ್ದು 2019ರಲ್ಲಿ, ಬಾಯಿಗೆ ಮೂರು ಬೆರಳು ಹೋಗದಿದ್ದಾಗ. ಅದಕ್ಕೂ ಮುಂಚೆ ಎರಡು ವರ್ಷ ಸಾರು ತಿಂದರೂ ಉರಿ. ಸಕ್ಕರೆ ಇದೆ, ಅದಕ್ಕೇ ಬಾಯಿ ಉರಿ ಎಂದುಕೊಂಡೆ. ಎಲ್ಲದಕ್ಕೂ ಸಕ್ಕರೆಯನ್ನೇ ದೂರುವುದು ನಮಗೆ ಒಂದು ಅಭ್ಯಾಸ ಆಗಿಬಿಟ್ಟಿದೆ.

ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಪದರ ಹಗ್ಗದ ಹಾಗೆ ಬಿಗಿಯುತ್ತದೆ. ಇದರ ಬಗ್ಗೆ ನಮ್ಮ ಕೊಲಾಬಾದ ಟಾಟಾ ಮೂಲವಿಜ್ಞಾನ ಸಂಸ್ಥೆಯವರು ಎರ್ನಾಕುಲಂನಲ್ಲಿ 66 ಜನರನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಬರೆದಿದ್ದಾರೆ. ಅವರಲ್ಲಿ ಐದು ಜನಕ್ಕೆ ಕ್ಯಾನ್ಸರ್ ಆಯಿತು, ಅಂದರೆ 7.6 ಶೇಕಡಾ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಚಿಕಿತ್ಸೆಗೆ ಕೆನ್ನೆಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಸಕ್ಕರೆ ಇದ್ದವರು ಇಲ್ಲಿ ಹುಷಾರಾಗಿರಬೇಕು, ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ನಾನು ಇಬ್ಬರು ಡಾಕ್ಟರರಿಗೂ ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುತ್ತಿದ್ದೆ. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಇಟ್ಟು ಬಾಯಿ ಅಗಲಿಸುವ ವ್ಯಾಯಾಮ ಈಗಲೂ ಮಾಡುತ್ತೇನೆ. ಮೊದಲು ಇಪ್ಪತ್ತೊಂದು ಕಡ್ಡಿ, ಈಗ ಇಪ್ಪತ್ತೇಳು. ಗಲ್ಲಾದ ಮೇಲಿನ ಸುಪಾರಿ ಬಟ್ಟಲು ತೆಗೆದಿದ್ದೇನೆ. ಹಳೆ ಗಿರಾಕಿಗಳು ಬೈಯುತ್ತಾರೆ.

ಕೇಳಿದವರು, ಡೊಂಬಿವಲಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಮಾಟುಂಗಾದವರ ಕಡ್ಡಿ ಲೆಕ್ಕ ಕೇಳಿ ಸುಮ್ನೆ ಎದ್ದು ಹೋಗಿ ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಂಡರು. ಗಾಜ್‌ನಿಂದ ಒರೆಸಿ ನೋಡಿದೆವು, ಮಚ್ಚೆ ಹೋಗಲಿಲ್ಲ. ಗುರುವಾರ ಹತ್ತೂವರೆಗೆ ಬಯಾಪ್ಸಿ. ಇಡ್ಲಿ ತಿನ್ನಿಸಿ, ಮಾತ್ರೆ ಕೊಟ್ಟೇ ಹೊರಡಿಸುತ್ತೇನೆ. ಅಡಿಕೆ ಡಬ್ಬಿಯನ್ನು ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಆದರೂ ಇವತ್ತು ಬಟ್ಟೆ ಒಗೆಯಲು ಹಾಕುವಾಗ ಅವರ ಶರ್ಟಿನ ಜೇಬಲ್ಲಿ ಎರಡು ಹೋಳು ಸಿಕ್ಕವು.