ಅಜ್ಜಿ ಮನೆಯಲ್ಲಿ ಮಾತ್ರ ಆಫ್ ಆಗುವ ಮಿನಿ ಪ್ರೊಜೆಕ್ಟರ್. ಬೇರೆ ಯಾವುದು ತಗೊಳ್ಳಲಿ?

ಅಡಿಕೆಚಪ್ಪರ
ನಮಸ್ಕಾರ. ತುಂಬಾ ಬೇಜಾರಾಗಿ ಬರೆಯುತ್ತಿದ್ದೇನೆ. ಎಂಟು ತಿಂಗಳ ಹಿಂದೆ ಒಂದು ಮಿನಿ ಪ್ರೊಜೆಕ್ಟರ್ ತಗೊಂಡೆ. ಬೆಂಗಳೂರಿನ ಮನೆಯಲ್ಲಿ ನಾಲ್ಕು ಗಂಟೆ ಓಡಿಸಿದರೂ ಏನೂ ಆಗಲ್ಲ. ಅದನ್ನೇ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಗೆ ಒಯ್ದರೆ ಒಂದೂಕಾಲು ಗಂಟೆಗೆ ನಿಂತುಹೋಗುತ್ತದೆ. ಮೊದಲು ಚಿತ್ರ ಮಂಕಾಗುತ್ತದೆ. ಆಮೇಲೆ ಪೂರ್ತಿ ಆಫ್. ಮೂರು ಸಲ ಹೀಗೇ ಆಯ್ತು.

ಅಜ್ಜಿಗೆ 84. ರಾತ್ರಿ ಆಟಕ್ಕೆ ಹೋಗಿ ಕೂರಲು ಈಗ ಆಗುವುದಿಲ್ಲ. ಅದಕ್ಕೇ ಯಕ್ಷಗಾನದ ವಿಡಿಯೋ ಇಳಿಸಿಕೊಂಡು ಹೋಗಿ ಗೋಡೆ ಮೇಲೆ ಹಾಕುತ್ತೇನೆ. ಹೋದ ಸಲ ಭಾಗವತರು ಪದ ಎತ್ತಿದ್ದಷ್ಟೇ, ಗೋಡೆ ಕತ್ತಲಾಯಿತು. ಅಜ್ಜಿ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ಹಿಡಿದುಕೊಂಡು "ಮುಗೀತಾ?" ಅಂದರು. ನನಗೆ ಎಷ್ಟು ಸಂಕಟ ಆಯ್ತು ಅಂತ ಹೇಳೋಕಾಗಲ್ಲ.

ಇದನ್ನು ಮಾರಿ ಬೇರೆ ತಗೋಬೇಕು ಅಂತಿದ್ದೇನೆ. ಮನೆಗೂ ಆಗಬೇಕು, ಪ್ರಯಾಣಕ್ಕೂ ಆಗಬೇಕು. ಒಂದು ಕಡೆ ಬೆಳಕು 9000 ಲುಮೆನ್ಸ್ ಅಂತ ಹಾಕಿದ್ದಾರೆ, ಬೆಲೆಯೂ ಕಡಿಮೆ. ತಗೋಬಹುದಾ?

ಫ್ಯಾನ್‌ಮೇಷ್ಟ್ರು
ನೂರಕ್ಕೆ ನೂರು ಬಿಸಿ ಸಮಸ್ಯೆ. ಎಲ್‌ಇಡಿ ಕಾದರೆ ಮೆಷಿನ್ ಮೊದಲು ಬೆಳಕು ಇಳಿಸುತ್ತದೆ, ಆಮೇಲೂ ತಣ್ಣಗಾಗದಿದ್ದರೆ ಆಫ್ ಮಾಡಿಕೊಳ್ಳುತ್ತದೆ. ನೀವು ಹೇಳಿದ್ದು ಅದೇ ತಾನೆ? ಗಾಳಿ ಹೋಗುವ ಜಾಲರಿಗೆ ಧೂಳು ಕಟ್ಟಿರುತ್ತದೆ. ಹಳೇ ಪೇಂಟ್ ಬ್ರಷ್‌ನಿಂದ ತೆಗೆಯಿರಿ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ.

ಅಡಿಕೆಚಪ್ಪರ
ಜಾಲರಿ ಕ್ಲೀನ್ ಮಾಡಿದ್ದೇನೆ ಸರ್. ಮರದ ಸ್ಟೂಲ್ ಮೇಲೆ ಇಡೋದು, ಸುತ್ತ ಒಂದು ಗೇಣು ಜಾಗ ಬಿಟ್ಟಿರುತ್ತೇನೆ. ಅಲ್ಲಿ ಸಂಜೆ ಬೆಂಗಳೂರಿಗಿಂತ ತಂಪು.

ಫ್ಯಾನ್‌ಮೇಷ್ಟ್ರು
ಹಾಗಾದರೆ ಒಳಗಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಒಣಗಿದೆ. ತಳದ ಸ್ಕ್ರೂ ಬಿಚ್ಚಿ ಹೊಸ ಪೇಸ್ಟ್ ಹಾಕಿ. ನಾನು ಎರಡು ಪ್ರೊಜೆಕ್ಟರ್‌ಗೆ ಮಾಡಿದ್ದೇನೆ, ಎರಡೂ ಚೆನ್ನಾಗಿವೆ.

ಲಕ್ಸ್‌ಮೀಟರ್
ದಯವಿಟ್ಟು ಬಿಚ್ಚಬೇಡಿ. ಎಂಟು ತಿಂಗಳಾಗಿದೆ ಅಂದರೆ ವಾರಂಟಿ ಇನ್ನೂ ಇರಬಹುದು.

9000 ಲುಮೆನ್ಸ್ ವಿಷಯ ನನ್ನನ್ನು ಕೇಳಿ. ಆನ್ಸಿ ಲುಮೆನ್ಸ್ (ಗೊತ್ತಾದ ಪದ್ಧತಿಯಲ್ಲಿ ಅಳೆದ ಬೆಳಕು) ಎಷ್ಟು ಅಂತ ಬರೆದಿಲ್ಲ ಅಂದರೆ ಆ ಅಂಕಿ ನಂಬಬೇಡಿ. ಅಂಗೈ ಮೇಲೆ ಕೂರುವ ಪೆಟ್ಟಿಗೆಯಿಂದ ಅಷ್ಟು ಬೆಳಕು ಬರಲು ಸಾಧ್ಯವೇ ಇಲ್ಲ. ಆನ್ಸಿ ಲೆಕ್ಕ ಹೀಗೆ: ಬಿಳಿ ಚಿತ್ರ ಹಾಕಿ ಪರದೆಯನ್ನು 9 ಭಾಗ ಮಾಡಬೇಕು. ಒಂದೊಂದರ ನಟ್ಟನಡುವೆಯೂ ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಬೆಳಕು) ಅಳೆದು ಸರಾಸರಿ ತೆಗೆಯಬೇಕು. ಅದನ್ನು ಪರದೆ ಎಷ್ಟು ಚದರ ಮೀಟರ್ ಇದೆಯೋ ಅದರಿಂದ ಗುಣಿಸಬೇಕು. ಮನೆಯಲ್ಲೇ ಮಾಡಬಹುದು. ನಿಮ್ಮದರ ಮೇಲೆ ಎಷ್ಟು ಅಂತಿದೆ?

"4ಕೆ ಸಪೋರ್ಟ್" ಅಂತ ಬರೆದಿದ್ದರೂ ಹುಷಾರು. 4ಕೆ ವಿಡಿಯೋ ಓದುತ್ತದೆ ಅಂತ ಅಷ್ಟೇ ಅರ್ಥ. ಗೋಡೆ ಮೇಲೆ ಬೀಳುವುದು 480 ಗೆರೆಯೂ ಇರಬಹುದು. ನೇಟಿವ್ ರೆಸಲ್ಯೂಷನ್, ಅಂದರೆ ಮೆಷಿನ್ ನಿಜವಾಗಿ ಎಷ್ಟು ಗೆರೆ ಮೂಡಿಸುತ್ತದೆ ಅಂತ ಕೇಳಿ ತಗೊಳ್ಳಿ.

ಅಡಿಕೆಚಪ್ಪರ
400 ಆನ್ಸಿ, 1080ಪಿ. 80 ಇಂಚು ಹಾಕುತ್ತೇನೆ, ಸುಣ್ಣದ ಗೋಡೆ ಮೇಲೆ ಬಿಳಿ ಪಂಚೆ ಕಟ್ಟಿ.

ಮಹಡಿ_ಸಿನಿಮಾ
ಪಂಚೆ ಬೇಡ ಗುರು! ಅರ್ಧ ಬೆಳಕು ಬಟ್ಟೆ ದಾಟಿ ಹಿಂದೆ ಹೋಗುತ್ತದೆ. ದಾವಣಗೆರೆಯಲ್ಲಿ ನಮ್ಮ ಮನೆ ಮಹಡಿ ಮೇಲೆ ಜಿಐ ಪೈಪ್ ಫ್ರೇಮ್ ಮಾಡಿಸಿದ್ದೇನೆ, ಅದಕ್ಕೆ ಬ್ಲ್ಯಾಕ್‌ಔಟ್ ಕರ್ಟನ್ ಬಟ್ಟೆ ಎಳೆದು ಕಟ್ಟಿದ್ದೇನೆ. 120 ಇಂಚು. ಐಪಿಎಲ್ ಫೈನಲ್ ದಿನ ನಲವತ್ತು ಜನ ಕೂತು ನೋಡಿದೆವು. ಎರಡು ಟವರ್ ಸ್ಪೀಕರ್ ಬೇರೆ. ನನ್ನದೂ ಆನ್ಸಿ ಗೀನ್ಸಿ ಬರೆಯದ ಮೆಷಿನ್, ಆದರೂ ಚೆನ್ನಾಗೇ ಕಾಣುತ್ತದೆ.

ಲಕ್ಸ್‌ಮೀಟರ್
ಪಂಚೆ ಹಿಂದೆ ಸುಣ್ಣದ ಗೋಡೆ ಇದೆ ಅಂದಿದ್ದಾರಲ್ಲ. ದಾಟಿದ ಬೆಳಕು ಬಿಳಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಇನ್ನು ನಿಮ್ಮ 120 ಇಂಚಿಗೆ ಸುಮಾರು 4 ಚದರ ಮೀಟರ್. 400 ಲುಮೆನ್ಸ್ ಅಲ್ಲಿ ಹರಡಿದರೆ 100 ಲಕ್ಸ್. ಅದೇ 80 ಇಂಚಿಗೆ 1.76 ಚದರ ಮೀಟರ್, ಸುಮಾರು 227 ಲಕ್ಸ್. 60 ಇಂಚು ಅಂದರೆ ಒಂದು ಚದರ ಮೀಟರ್ ಇರಲ್ಲ, 400ಕ್ಕೂ ಜಾಸ್ತಿ. ಚಿತ್ರ ದೊಡ್ಡದಾದಷ್ಟೂ ಬೆಳಕು ತೆಳುವಾಗುತ್ತದೆ.

ಮಹಡಿ_ಸಿನಿಮಾ
ಲೆಕ್ಕ ನೀವು ಇಟ್ಟುಕೊಳ್ಳಿ ಸರ್. ನಲವತ್ತು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

ಆಂಪಿಯರ್_ಅಕ್ಕ
ಇಷ್ಟು ಬರೆದಿರಿ, ಕರೆಂಟ್ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ. ಊರಲ್ಲಿ ವೋಲ್ಟೇಜ್ ಕಡಿಮೆ ಇರಬಹುದು. ಆದರೆ ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಇದ್ದರೆ ಅದರಿಂದ ತೊಂದರೆ ಆಗಬಾರದು. ಅಡಾಪ್ಟರ್ ಮೇಲೆ ಏನು ಬರೆದಿದೆ ಅಂತ ಪೂರ್ತಿ ಟೈಪ್ ಮಾಡಿ.

ಅಡಿಕೆಚಪ್ಪರ
65 ವ್ಯಾಟ್ ಅಂತಿದೆ ಅಕ್ಕ. ಆದರೆ ಅಡಾಪ್ಟರ್ ಊರಿಗೆ ಒಯ್ಯೋದೇ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಸಂಜೆ ಮೇಲೆ ಕರೆಂಟ್ ನಂಬೋಕಾಗಲ್ಲ. ಪವರ್ ಬ್ಯಾಂಕ್‌ಗೆ ಹಾಕುತ್ತೇನೆ, 20000 ಎಂಎಎಚ್. ಒಳಗೂ ಒಂದು ಬ್ಯಾಟರಿ ಇದೆ. ಇದನ್ನು ಮೊದಲೇ ಹೇಳಿದ್ದೆ ಅಂದುಕೊಂಡಿದ್ದೆ. ಚಾರ್ಜ್ ಸಮಸ್ಯೆ ಅಂತೂ ಅಲ್ಲ. ಆಫ್ ಆದಾಗ ಪವರ್ ಬ್ಯಾಂಕ್‌ನಲ್ಲಿ ಇನ್ನೂ 61% ಇತ್ತು.

ಆಂಪಿಯರ್_ಅಕ್ಕ
ಸಿಕ್ಕಿತು. 61% ಉಳಿದಿದೆ ಅನ್ನುವುದೇ ಸಾಕ್ಷಿ.

ಟ್ಯಾಂಕ್ ತುಂಬಿದೆ, ಆದರೆ ಪೈಪ್ ಸಣ್ಣದು. 20000 ಎಂಎಎಚ್ ಅನ್ನುವುದು ಟ್ಯಾಂಕ್. ನಿಮಗೆ ಬೇಕಾಗಿರುವುದು ಒಂದು ಸಲಕ್ಕೆ ಎಷ್ಟು ವ್ಯಾಟ್ ಕೊಡುತ್ತದೆ ಅನ್ನುವುದು. ಫುಲ್ ಬ್ರೈಟ್‌ನಲ್ಲಿ ಇಂಥ ಪ್ರೊಜೆಕ್ಟರ್ 40 ವ್ಯಾಟ್ ಹತ್ತಿರ ತಿನ್ನುತ್ತದೆ. ಫೋನ್‌ಗೆ ಅಂತ ಮಾರುವ ಪವರ್ ಬ್ಯಾಂಕ್ 20 ವ್ಯಾಟ್ ಸುತ್ತಮುತ್ತ ಕೊಡುತ್ತದೆ. ಉಳಿದದ್ದನ್ನು ಪ್ರೊಜೆಕ್ಟರ್ ತನ್ನ ಒಳಗಿನ ಬ್ಯಾಟರಿಯಿಂದ ಎಳೆದುಕೊಳ್ಳುತ್ತದೆ. ಅದು ಖಾಲಿಯಾಗುತ್ತಾ ಬಂದಾಗ ಬೆಳಕು ಇಳಿಯುತ್ತದೆ, ಆಮೇಲೆ ಆಫ್. ಬೆಂಗಳೂರಿನಲ್ಲಿ ಗೋಡೆಯ ಪ್ಲಗ್‌ನಿಂದ ಪೂರ್ತಿ 65 ವ್ಯಾಟ್ ಸಿಗುತ್ತದೆ, ಅದಕ್ಕೇ ನಾಲ್ಕು ಗಂಟೆ ಓಡುತ್ತದೆ.

ಒಂದು ಪ್ರಶ್ನೆ. ಪವರ್ ಬ್ಯಾಂಕ್‌ಗೆ ಬೇರೆ ಏನಾದರೂ ಸಿಗಿಸಿದ್ದಿರಾ?

ಫ್ಯಾನ್‌ಮೇಷ್ಟ್ರು
ಕರೆಂಟ್ ಕಡಿಮೆ ಬಂದರೂ ಬಿಸಿಯಾಗುತ್ತದೆ. ನನ್ನ ಮಾತು ಬಿಡಬೇಡಿ, ಪೇಸ್ಟ್ ನೋಡಿ.

ಆಂಪಿಯರ್_ಅಕ್ಕ
ಮೇಷ್ಟ್ರೇ, ಅದೇ ಪೇಸ್ಟ್ ಬೆಂಗಳೂರಿನಲ್ಲಿ ನಾಲ್ಕು ಗಂಟೆ ಹೇಗೆ ತಡೆಯಿತು?

ಅಡಿಕೆಚಪ್ಪರ
ಭಾವನ ಫೋನ್ ಸಿಗಿಸಿದ್ದೆವು ಅಕ್ಕ, ಮೂರೂ ಸಲ. ಫೋನ್ ಹಾಕಿದ ತಕ್ಷಣ ಪ್ರೊಜೆಕ್ಟರಿನ ಚಾರ್ಜಿಂಗ್ ಚಿಹ್ನೆ ಒಂದು ಕ್ಷಣ ಹೋಗಿ ಬರುತ್ತಿತ್ತು. ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಆಂಪಿಯರ್_ಅಕ್ಕ
ಅದೇ. ಎರಡು ಪೋರ್ಟ್ ಒಟ್ಟಿಗೆ ಬಳಸಿದರೆ ತುಂಬಾ ಪವರ್ ಬ್ಯಾಂಕ್‌ಗಳು ವೇಗದ ಚಾರ್ಜಿಂಗ್ ನಿಲ್ಲಿಸಿ ಎರಡಕ್ಕೂ ಬರೀ 5 ವೋಲ್ಟ್ ಕೊಡುತ್ತವೆ. ನಿಮ್ಮ 20 ವ್ಯಾಟ್ ಹತ್ತಕ್ಕೆ ಬಂದಿರುತ್ತದೆ. ಚಿಹ್ನೆ ಹೋಗಿ ಬಂದದ್ದು ಆ ಬದಲಾವಣೆಗೇ.

ಮಾರಬೇಡಿ. ಮೊದಲು ಇಕೋ ಮೋಡ್ (ಬೆಳಕು ಇಳಿಸಿ ಕರೆಂಟ್ ಉಳಿಸುವ ಸೆಟ್ಟಿಂಗ್) ಹಾಕಿ, ಫೋನ್ ತೆಗೆದು, ಮನೆಯಲ್ಲೇ ಒಂದು ಸಲ ಪವರ್ ಬ್ಯಾಂಕ್ ಮೇಲೆ ಓಡಿಸಿ ನೋಡಿ. ಬೆಳಕು ಕಡಿಮೆ ಅನ್ನಿಸಿದರೆ ಸ್ಟೂಲನ್ನು ಗೋಡೆ ಹತ್ತಿರ ತನ್ನಿ. ಲಕ್ಸ್‌ಮೀಟರ್ ಹೇಳಿದ 60 ಇಂಚು ಇಲ್ಲಿ ಕೆಲಸಕ್ಕೆ ಬರುತ್ತದೆ.

ಅದೂ ಸಾಲದಿದ್ದರೆ 65 ವ್ಯಾಟ್ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಪವರ್ ಬ್ಯಾಂಕ್ ತಗೊಳ್ಳಿ. ಕೇಬಲ್ 5 ಆಂಪಿಯರ್‌ನದ್ದೇ ಬೇಕು. 3 ಆಂಪಿಯರ್ ಕೇಬಲ್‌ನಲ್ಲಿ 60 ವ್ಯಾಟ್ ದಾಟುವುದಿಲ್ಲ. ವಿಮಾನದಲ್ಲಿ ಹೋಗುವವರಾದರೆ 100 ವ್ಯಾಟ್ ಅವರ್ ಒಳಗಿನದ್ದು ನೋಡಿ. ಅಂದರೆ 27000 ಎಂಎಎಚ್ ಮೀರಬಾರದು. ಅದನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್‌-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ.

ಹೊಸಬ_ಹಾಸನ
ನನ್ನದೂ ಇದೇ ಸಮಸ್ಯೆ. ಫೋನ್‌ನಿಂದ ಸಿನಿಮಾ ಆ್ಯಪ್ ಮಿರರ್ ಮಾಡಿದರೆ ಶಬ್ದ ಬರುತ್ತದೆ, ಚಿತ್ರ ಕಪ್ಪು. ಇದೂ ಪವರ್ ಬ್ಯಾಂಕ್ ಕಾರಣಕ್ಕಾ?

ಲಕ್ಸ್‌ಮೀಟರ್
ಅಲ್ಲ. ಅದು ಕಾಪಿ ತಡೆಯುವ ಬೀಗ. ಪ್ರೊಜೆಕ್ಟರ್ ಒಳಗೇ ಆ ಆ್ಯಪ್ ಇದ್ದರೆ ಅಲ್ಲಿಂದ ಹಾಕಿ, ಇಲ್ಲವಾದರೆ ಎಚ್‌ಡಿಎಂಐಗೆ ಸ್ಟ್ರೀಮಿಂಗ್ ಸ್ಟಿಕ್ ಸಿಗಿಸಿ. ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಕಲಸುಮೇಲೋಗರ ಆಗುತ್ತದೆ.

ಮಹಡಿ_ಸಿನಿಮಾ
ಹೊಸದು ತಗೊಳ್ಳೋದಾದರೆ ನನ್ನ ತಮ್ಮನ ಹತ್ತಿರ ಸ್ಯಾಮ್‌ಸಂಗ್ ಫ್ರೀಸ್ಟೈಲ್ ಇದೆ. 830 ಗ್ರಾಂ, ಹೇಗೆ ಬೇಕಾದರೂ ತಿರುಗಿಸಬಹುದು, ಚಾವಣಿಗೂ ಹಾಕಬಹುದು.

ಆಂಪಿಯರ್_ಅಕ್ಕ
ಒಳ್ಳೇ ಮೆಷಿನ್. ಆದರೆ ಅದರೊಳಗೆ ಬ್ಯಾಟರಿ ಇಲ್ಲ, 50 ವ್ಯಾಟ್ ಕೊಡುವ ಪವರ್ ಬ್ಯಾಂಕ್ ಬೇಕು. ಇವರ ಹತ್ತಿರ ಇರುವುದರಲ್ಲಿ ಅದು ನಡೆಯುವುದಿಲ್ಲ. ಕರೆಂಟ್ ಇಲ್ಲದ ಕಡೆ ಒಯ್ಯುವವರು ಒಳಗೆ ಬ್ಯಾಟರಿ ಇದೆಯಾ, ಎಷ್ಟು ವ್ಯಾಟ್ ಕೇಳುತ್ತದೆ, ಇವೆರಡನ್ನು ಲುಮೆನ್ಸ್‌ಗಿಂತ ಮೊದಲು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಡಿಕೆಚಪ್ಪರ
ನಿನ್ನೆ ರಾತ್ರಿ ಮನೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಅದೇ ಹಳೇ ಪವರ್ ಬ್ಯಾಂಕ್, ಇಕೋ ಮೋಡ್, 60 ಇಂಚು, ಬೇರೆ ಫೋನ್ ಇಲ್ಲ. ಮೂರು ಗಂಟೆಯ ಪ್ರಸಂಗ ಮಂಗಳದವರೆಗೂ ಓಡಿತು. ಕೊನೆಗೆ ಪ್ರೊಜೆಕ್ಟರಿನಲ್ಲಿ 46%, ಪವರ್ ಬ್ಯಾಂಕ್‌ನಲ್ಲಿ 4%. ಕತ್ತಲಲ್ಲಿ ಕಿರೀಟದ ಕೆಂಪು, ಹಸಿರು ಮೊದಲಿನಷ್ಟೇ ಚೆನ್ನಾಗಿ ಕಂಡಿತು. ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಹೊಸದು ತಗೊಳ್ಳಲ್ಲ.

ಶನಿವಾರ ಊರಿಗೆ ಹೊರಟಿದ್ದೇನೆ. ಇನ್ನೊಂದೇ ಸಂದೇಹ. ಬ್ಲೂಟೂತ್ ಸ್ಪೀಕರ್ ಹಾಕಿದರೆ ವೇಷಧಾರಿಯ ಹೆಜ್ಜೆ ಮೊದಲು ಬೀಳುತ್ತದೆ, ಚಂಡೆ ಆಮೇಲೆ ಕೇಳುತ್ತದೆ. ಅಜ್ಜಿ ಅದನ್ನು ತಕ್ಷಣ ಹಿಡಿಯುತ್ತಾರೆ.

ಆಂಪಿಯರ್_ಅಕ್ಕ
ಬ್ಲೂಟೂತ್‌ನಲ್ಲಿ ಆ ತಡ ಇದ್ದೇ ಇರುತ್ತದೆ. 3.5 ಎಂಎಂ ವೈರ್ ಹಾಕಿ. ಸ್ಪೀಕರನ್ನು ಪ್ರೊಜೆಕ್ಟರ್ ಪಕ್ಕ ಇಡಬೇಡಿ, ಪಂಚೆಯ ಕೆಳಗೆ ಇಡಿ. ಅಷ್ಟು ದೂರಕ್ಕೆ ಮೂರು ಮೀಟರ್ ವೈರ್ ಬೇಕಾಗುತ್ತದೆ.

ಫ್ಯಾನ್‌ಮೇಷ್ಟ್ರು
ಊರಿಂದ ಬಂದ ಮೇಲೆ ಜಾಲರಿ ಇನ್ನೊಂದು ಸಲ ಕ್ಲೀನ್ ಮಾಡಿ. ಅಡುಗೆ ಒಲೆಯ ಹೊಗೆ ಒಳಗೆ ಹೋಗಿರುತ್ತದೆ.